ಸಾಕು ಓತಿಗೆ ತೋಟದ ಮಿಡತೆ ಹಾಕಬಹುದಾ? ಹುಳದೊಳಗಿನ ಹುಳದ ಲೆಕ್ಕ

ಸಕಲೇಶಪುರ, ಆಲೂರು ಅಂದ ತಕ್ಷಣ ಸುದ್ದಿಮನೆಗಳಿಗೆ ನೆನಪಾಗುವುದು ಕಾಡಾನೆ. ಅದರಲ್ಲಿ ತಪ್ಪೇನೂ ಇಲ್ಲ. ಬೆಳಗ್ಗೆ ತೋಟಕ್ಕೆ ಹೋದವರು ಸಂಜೆ ಮನೆಗೆ ಬರ್ತಾರೋ ಇಲ್ವೋ ಅನ್ನುವ ಭಯ ಇಲ್ಲಿ ನಿಜವಾದದ್ದು. ಆದರೆ ಆನೆಯ ಗದ್ದಲದಲ್ಲಿ ಈ ಬೆಟ್ಟಗಳ ಉಳಿದ ಜೀವಿಗಳ ಬಗ್ಗೆ ನಾವು ಮಾತಾಡುವುದೇ ಇಲ್ಲ. ಅದರಲ್ಲೂ ಓತಿ, ಹಲ್ಲಿ, ಮಿಡತೆ, ಜಿರಳೆಗಳ ಬಗ್ಗೆ ಯಾರು ತಾನೇ ಪ್ರೆಸ್ ಮೀಟ್ ಕರೀತಾರೆ?

ಇತ್ತೀಚೆಗೆ ಬೆಂಗಳೂರಿನ ಗೆಳೆಯನೊಬ್ಬ ಫೋನ್ ಮಾಡಿದ್ದ. ಎಂಜಿನಿಯರಿಂಗ್‌ನಲ್ಲಿ ನನ್ನ ಕ್ಲಾಸ್‌ಮೇಟ್, ಈಗಲೂ ಐಟಿಯಲ್ಲೇ ಇದ್ದಾನೆ. ಮನೆಯಲ್ಲಿ ಬಿಯರ್ಡೆಡ್ ಡ್ರ್ಯಾಗನ್ ಸಾಕಿದ್ದಾನೆ. ಅದು ಆಸ್ಟ್ರೇಲಿಯಾ ಮೂಲದ, ಗಂಟಲ ಕೆಳಗೆ ಗಡ್ಡದ ಹಾಗೆ ಮುಳ್ಳುಮುಳ್ಳು ಚರ್ಮವಿರುವ ಓತಿ. "ವೀಕೆಂಡ್‌ಗೆ ಸಕಲೇಶಪುರಕ್ಕೆ ಬರ್ತಿದೀವಿ ಕಣೋ. ನಿಮ್ಮ ತೋಟದಲ್ಲಿ ಒಂದು ಡಬ್ಬಿ ಮಿಡತೆ ಹಿಡ್ಕೊಂಡು ಹೋಗ್ಲಾ? ಇಲ್ಲಿ ಆನ್‌ಲೈನ್‌ನಲ್ಲಿ ಹುಳ ತರಿಸೋದೇ ದುಬಾರಿ. ನಿಮ್ಮದು ಫ್ರೀ, ಆರ್ಗ್ಯಾನಿಕ್ ಬೇರೆ" ಅಂದ. ಬೇಡ ಅಂದೆ. "ಯಾಕೆ?" ಅಂತ ಕೇಳಿದ. ಆ 'ಯಾಕೆ'ಗೆ ಫೋನಲ್ಲಿ ಉತ್ತರ ಹೇಳಿ ಮುಗಿಸುವುದು ಕಷ್ಟ. ಅದರಲ್ಲಿ ಜೀವಶಾಸ್ತ್ರ ಇದೆ, ಕಾಫಿ ತೋಟದ ಔಷಧಿ ಇದೆ, ಏರ್‌ಪೋರ್ಟ್ ಕಳ್ಳಸಾಗಣೆ ಇದೆ, ದಿಲ್ಲಿಯಲ್ಲಿ ಆದ ಕಾನೂನೂ ಇದೆ. ಒಂದೊಂದಾಗಿ ನೋಡೋಣ.

ಹುಳದೊಳಗೆ ಹುಳ ಸೇರೋದು ಹೇಗೆ?

ಮಿಡತೆ, ಜಿರಳೆ, ರಾತ್ರಿ ಕಿರ್ರೆನ್ನುವ ಕ್ರಿಕೆಟ್ ಹುಳ, ಹಿಟ್ಟಿನಲ್ಲಿ ಬೆಳೆಯುವ ಮೀಲ್‌ವರ್ಮ್. ಸಾಕು ಓತಿ, ಹಲ್ಲಿ, ಗೋಸುಂಬೆಗಳಿಗೆ ಸಾಮಾನ್ಯವಾಗಿ ಹಾಕುವ ಜೀವಂತ ಆಹಾರ ಇವೇ. ಇವುಗಳ ಮೂಲಕ ಪರಾವಲಂಬಿ ಜೀವಿಗಳು ಓತಿಯ ಹೊಟ್ಟೆ ಸೇರಲು ಎರಡು ದಾರಿಗಳಿವೆ.

ಮೊದಲನೆಯದು ಬರೀ ಸಾಗಾಟ. ಓತಿ ಹಿಕ್ಕೆ ಹಾಕುತ್ತೆ. ಅದರಲ್ಲಿ ಜಂತುಹುಳುವಿನ ಮೊಟ್ಟೆಯೋ, ಕಾಕ್ಸಿಡಿಯಾದಂಥ ಏಕಕೋಶ ಜೀವಿಯೋ ಇರುತ್ತೆ. ಪೆಟ್ಟಿಗೆಯಲ್ಲಿ ತಿನ್ನದೆ ಉಳಿದ ಕ್ರಿಕೆಟ್ ಆ ಹಿಕ್ಕೆಯ ಮೇಲೆ ಓಡಾಡುತ್ತೆ, ಅದನ್ನೇ ತಿನ್ನುತ್ತೆ. ನಾಳೆ ಓತಿ ಆ ಕ್ರಿಕೆಟ್ಟನ್ನು ತಿನ್ನುತ್ತೆ. ಹುಳಕ್ಕೆ ಇಲ್ಲಿ ಯಾವ ಕಾಯಿಲೆಯೂ ಇಲ್ಲ, ಅದು ಪಾರ್ಸೆಲ್ ಹುಡುಗ ಅಷ್ಟೇ. ಕೋಳಿ ಸಾಕುವವರಿಗೆ ಕಾಕ್ಸಿಡಿಯಾ ಹೊಸ ಹೆಸರಲ್ಲ. ಮರಿಗಳು ರಕ್ತಭೇದಿಯಾಗಿ ಸಾಲಾಗಿ ಸಾಯುವುದನ್ನು ನೋಡಿರ್ತಾರೆ. ಬಿಯರ್ಡೆಡ್ ಡ್ರ್ಯಾಗನ್‌ಗೆ ಬರುವುದು ಅದೇ ಗುಂಪಿಗೆ ಸೇರಿದ ಬೇರೊಂದು ಜಾತಿ.

ಎರಡನೆಯ ದಾರಿ ಇನ್ನೂ ಚಾಲಾಕಿನದು. ಕೆಲವು ಪರಾವಲಂಬಿಗಳಿಗೆ ಹುಳದ ದೇಹ ಒಂದು ಕಡ್ಡಾಯ ಸ್ಟಾಪ್. ಫೈಸಲಾಪ್ಟೆರಾ ಅನ್ನುವ ದುಂಡುಹುಳುವನ್ನು ನೋಡಿ. ಅದರ ಮೊಟ್ಟೆ ಓತಿಯ ಹಿಕ್ಕೆಯಲ್ಲಿ ಹೊರಗೆ ಬರುತ್ತೆ. ಆ ಮೊಟ್ಟೆಯನ್ನು ಇನ್ನೊಂದು ಓತಿ ನೇರವಾಗಿ ನುಂಗಿದರೂ ಏನೂ ಆಗಲ್ಲ. ಜಿರಳೆಯೋ ಕ್ರಿಕೆಟ್ಟೋ ತಿಂದರೆ ಮಾತ್ರ ಅದರೊಳಗೆ ಮರಿ ಹೊರಬಂದು, ಹಂತಹಂತವಾಗಿ ಬೆಳೆದು, ಮೂರನೇ ಹಂತದಲ್ಲಿ ಸುಮ್ಮನೆ ಕಾಯುತ್ತೆ. ಓತಿ ಆ ಹುಳವನ್ನು ತಿಂದ ದಿನ ಅದರ ಜಠರದ ಗೋಡೆಗೆ ಕಚ್ಚಿಕೊಂಡು ದೊಡ್ಡದಾಗುತ್ತೆ.

ಮಲೆನಾಡಿನವರಿಗೆ ಈ ಲೆಕ್ಕ ಅರ್ಥಮಾಡಿಸಬೇಕಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದಾಗಿನಿಂದ, ಕಣ್ಣಿಗೆ ಕಾಣದಷ್ಟು ಚಿಕ್ಕ ಉಣ್ಣೆ ಎಷ್ಟು ದೊಡ್ಡ ಹೊರೆ ಹೊತ್ತು ತರುತ್ತೆ ಅಂತ ನೋಡಿದವರು ನಾವು.

ಕಾಡಲ್ಲಿ ಬದುಕೋ ಓತಿ ಪೆಟ್ಟಿಗೆಯಲ್ಲಿ ಯಾಕೆ ಸಾಯುತ್ತೆ?

"ಕಾಡಿನ ಓತಿಯೂ ಇದೇ ಮಿಡತೆ ತಿನ್ನುತ್ತಲ್ಲ?" ಇದು ನನ್ನ ಗೆಳೆಯ ಕೇಳಿದ ಎರಡನೇ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಹೌದು, ತಿನ್ನುತ್ತೆ. ಕಾಡಿನ ಓತಿಯ ಹೊಟ್ಟೆಯಲ್ಲೂ ಜಂತು ಇರುತ್ತೆ. ಆದರೆ ಅದು ಒಂದು ಕಡೆ ತಿಂದು ಇನ್ನೊಂದು ಕಡೆ ಹಿಕ್ಕೆ ಹಾಕುತ್ತೆ. ಮಳೆ ಅದನ್ನು ತೊಳೆಯುತ್ತೆ, ಬಿಸಿಲು ಒಣಗಿಸುತ್ತೆ. ಹೊರಬಿದ್ದ ಸಾವಿರ ಮೊಟ್ಟೆಗಳಲ್ಲಿ ವಾಪಸ್ ಅದೇ ಹೊಟ್ಟೆ ಸೇರುವುದು ಎಲ್ಲೋ ಒಂದೆರಡು. ಜೊತೆಗೆ ಆ ಊರಿನ ಜಂತು, ಆ ಊರಿನ ಓತಿ ಲಕ್ಷಾಂತರ ವರ್ಷ ಒಟ್ಟಿಗೆ ಬಾಳಿ ಒಂದು ಒಪ್ಪಂದಕ್ಕೆ ಬಂದಿರ್ತವೆ. ಆತಿಥೇಯನನ್ನು ಬೇಗ ಕೊಂದರೆ ಜಂತುವಿಗೂ ಮನೆ ಇಲ್ಲ.

ಎರಡು ಅಡಿಯ ಗಾಜಿನ ಪೆಟ್ಟಿಗೆಯಲ್ಲಿ ಈ ಲೆಕ್ಕ ತಲೆಕೆಳಗಾಗುತ್ತೆ. ಕಾಲೇಜಿನಲ್ಲಿ ನಮಗೆ ಫೀಡ್‌ಬ್ಯಾಕ್ ಲೂಪ್ ಅಂತ ಕಲಿಸಿದ್ದರು. ಮೈಕನ್ನು ಸ್ಪೀಕರ್ ಎದುರಿಗೆ ಹಿಡಿದರೆ ಕೂಯ್ ಅಂತ ಕಿರುಚುತ್ತಲ್ಲ, ಅದು. ಹೊರಗೆ ಹೋದದ್ದು ಮತ್ತೆ ಒಳಗೆ ಬಂದು, ಪ್ರತಿ ಸುತ್ತಿನಲ್ಲೂ ದೊಡ್ಡದಾಗುತ್ತೆ. ಪೆಟ್ಟಿಗೆಯೊಳಗೆ ಹಿಕ್ಕೆ, ಹುಳ, ಓತಿ ಮೂರೂ ಒಂದೇ ಕಡೆ. ಬಿಸಿ ಮಾಡಲು ದೀಪ ಬೇರೆ ಹಾಕಿರ್ತೀವಿ. ಮೊದಲು ಹತ್ತಿದ್ದ ಸೋಂಕು ಕೆಲವೇ ವಾರಗಳಲ್ಲಿ ಬೆಟ್ಟದಷ್ಟಾಗುತ್ತೆ. ಓತಿ ತಿನ್ನೋದು ಬಿಡುತ್ತೆ, ಬಾಲದ ಬುಡ ಸಣ್ಣಗಾಗುತ್ತೆ, ಹಿಕ್ಕೆ ನೀರಾಗುತ್ತೆ. ಮಾಲೀಕರು "ಚಳಿಗೆ ಮಂಕಾಗಿದೆ" ಅಂದುಕೊಳ್ತಾರೆ.

ಇದರಲ್ಲಿ ಅತಿ ಕೆಟ್ಟದ್ದು ಕ್ರಿಪ್ಟೋಸ್ಪೊರಿಡಿಯಂ. ಲೆಪರ್ಡ್ ಗೆಕೊ ಅನ್ನುವ ಜನಪ್ರಿಯ ಸಾಕು ಹಲ್ಲಿಯನ್ನು ಕಡ್ಡಿಯಂತೆ ಒಣಗಿಸಿ ಕೊಲ್ಲುವುದು ಇದೇ. ಖಚಿತವಾಗಿ ಗುಣಮಾಡುವ ಔಷಧಿ ಇಲ್ಲ, ಮಾಮೂಲಿ ಬ್ಲೀಚಿಂಗ್‌ಗೂ ಅದು ಜಗ್ಗುವುದಿಲ್ಲ.

ಅಂಗಡಿ ಹುಳವಾದರೆ ಸೇಫಾ?

ತಾತ್ವಿಕವಾಗಿ ಹೌದು. ತಲೆಮಾರುಗಳಿಂದ ಡಬ್ಬಿಯಲ್ಲೇ ಬೆಳೆದ ಹುಳಕ್ಕೆ ಹೊರಗಿನ ಹಿಕ್ಕೆ ತಾಗದಿದ್ದರೆ ಸರಪಳಿ ಅಲ್ಲಿಗೇ ತುಂಡಾಗುತ್ತೆ. ಆದರೆ ತತ್ವ ಬೇರೆ, ಅಂಗಡಿ ಬೇರೆ.

ಪೋಲೆಂಡಿನ ಇಬ್ಬರು ಸಂಶೋಧಕರು ಮಧ್ಯ ಯುರೋಪಿನ 300 ಮನೆಮಟ್ಟದ ಹುಳ ಸಾಕಣೆಗಳನ್ನೂ ಪೆಟ್ ಶಾಪ್‌ಗಳನ್ನೂ ಪರೀಕ್ಷಿಸಿ, 2019ರಲ್ಲಿ 'ಪ್ಲಾಸ್ ಒನ್' ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಮೀಲ್‌ವರ್ಮ್, ಕ್ರಿಕೆಟ್, ಮಡಗಾಸ್ಕರ್ ಜಿರಳೆ, ಮಿಡತೆ ನಾಲ್ಕನ್ನೂ ನೋಡಿದ್ದರು. 300ರಲ್ಲಿ 244 ಕಡೆ, ಅಂದರೆ ಶೇ. 81ರಷ್ಟು ಕಡೆ, ಪರಾವಲಂಬಿಗಳು ಸಿಕ್ಕವು. ಗಾಬರಿ ಬೀಳುವ ಮೊದಲು ಇದನ್ನು ಬಿಡಿಸಿ ನೋಡಬೇಕು. 206 ಕಡೆ ಸಿಕ್ಕವು ಹುಳಕ್ಕೆ ಮಾತ್ರ ತೊಂದರೆ ಕೊಡುವಂಥವು. ಪ್ರಾಣಿಗಳಿಗೆ ತಗುಲಬಹುದಾದವು 106 ಕಡೆ, ಮನುಷ್ಯರಿಗೂ ತಗುಲಬಹುದಾದವು 91 ಕಡೆ. ಅಂದರೆ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಡಬ್ಬಿ ಅನುಮಾನದ್ದು.

ಇದು ಯುರೋಪಿನ ಲೆಕ್ಕ. ನಮ್ಮಲ್ಲೂ ಇಷ್ಟೇ ಅಂತ ಹೇಳೋಕಾಗಲ್ಲ. ಆದರೆ ಕಾರಣಗಳು ಎಲ್ಲಾ ಕಡೆ ಒಂದೇ: ಸಾಕಣೆಯ ಡಬ್ಬಿಗೆ ಇಲಿ ಹಿಕ್ಕೆ ಬೀಳುವುದು, ಹುಳಕ್ಕೆ ಹಾಕುವ ಸೊಪ್ಪು ತೊಳೆಯದಿರುವುದು, ಸ್ಟಾಕ್ ಕಮ್ಮಿಯಾದಾಗ ಹೊರಗಿಂದ ಹಿಡಿದ ಹುಳ ಸೇರಿಸುವುದು. ಆ ಕೊನೆಯದಕ್ಕೆ ಒಂದು ವ್ಯಾಪಾರಿ ಕಾರಣವೂ ಇದೆ. ಕ್ರಿಕೆಟ್ ಸಾಕಣೆಗೆ ತನ್ನದೇ ಒಂದು ವೈರಸ್ ಕಾಟ ಇದೆ. ಡೆನ್ಸೊವೈರಸ್ ಅನ್ನುವ ಅದು 2010ರ ಆಸುಪಾಸಿನಲ್ಲಿ ಅಮೆರಿಕ, ಕೆನಡಾಗಳ ದೊಡ್ಡ ಕ್ರಿಕೆಟ್ ಫಾರ್ಮ್‌ಗಳನ್ನೇ ಮುಚ್ಚಿಸಿತ್ತು. ಅಲ್ಲಿನ ಗತಿಯೇ ಹಾಗಾದರೆ, ಬೇಡಿಕೆ ಇದ್ದು ಸ್ಟಾಕ್ ಸತ್ತುಹೋದಾಗ ಒಬ್ಬ ಸಣ್ಣ ವ್ಯಾಪಾರಿ ಏನು ಮಾಡ್ತಾನೆ ಊಹಿಸಿ.

ನಮ್ಮ ತೋಟದ ಮಿಡತೆ ಆರ್ಗ್ಯಾನಿಕ್ಕಾ?

ಪೇಟೆಯವರಿಗೆ ಕಾಫಿ ತೋಟ ಅಂದರೆ ಹಸಿರು, ಮಂಜು, ಮೌನ. ತೋಟದವರಿಗೆ ಗೊತ್ತು, ಅರೇಬಿಕಾ ಇರುವಲ್ಲಿ ಬಿಳಿ ಕಾಂಡಕೊರಕ ಇದೆ, ಕಾಂಡಕೊರಕ ಇರುವಲ್ಲಿ ಔಷಧಿ ಇದೆ. ಈ ದುಂಬಿ ಹಾರಾಡುವುದು ಮುಖ್ಯವಾಗಿ ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್‌ನಲ್ಲಿ. ಆಗ ಕಾಂಡಕ್ಕೆ ಬಳಿಯಲು ಕ್ಲೋರೋಪೈರಿಫಾಸ್‌ನಂಥ ಕೀಟನಾಶಕ ಬಳಸ್ತಾರೆ. ಇದರ ಜೊತೆ ಕಳೆನಾಶಕ, ಪಕ್ಕದ ಶುಂಠಿ ಗದ್ದೆಗೆ ಹೊಡೆಯುವುದು ಬೇರೆ. ಒಂದು ಮಿಡತೆ ಸುಲಭವಾಗಿ ಕೈಗೆ ಸಿಕ್ಕಿತು ಅಂದರೆ, ಅದು ಯಾಕೆ ಅಷ್ಟು ಸುಲಭವಾಗಿ ಸಿಕ್ಕಿತು ಅಂತ ಒಂದು ಸಲ ಯೋಚಿಸಬೇಕು. ಆರೋಗ್ಯವಾಗಿರುವ ಮಿಡತೆ ಹಾರಿಹೋಗುತ್ತೆ.

ಇನ್ನೊಂದು ಅಪಾಯ ನೋಡಲು ಬಲು ಚೆಂದ. ಮುಂಗಾರಿಗೆ ಮುಂಚೆ ನಮ್ಮ ಬೆಟ್ಟಗಳಲ್ಲಿ ಮಿಂಚುಹುಳಗಳು ಮರಕ್ಕೆ ಮರವನ್ನೇ ಬೆಳಗಿಸುತ್ತವೆ. ಹೋಮ್‌ಸ್ಟೇಗೆ ಬಂದವರು ಬಾಟಲಿಯಲ್ಲಿ ಹಿಡಿಯುವುದೂ ಉಂಟು. ಅಮೆರಿಕದ ಮಿಂಚುಹುಳಗಳಲ್ಲಿ ಹೃದಯಕ್ಕೆ ಹೊಡೆಯುವ ವಿಷ ಇರುತ್ತೆ. ಅವನ್ನು ತಿಂದ ಸಾಕು ಬಿಯರ್ಡೆಡ್ ಡ್ರ್ಯಾಗನ್‌ಗಳು ಕೆಲವೇ ಗಂಟೆಗಳಲ್ಲಿ ಸತ್ತದ್ದನ್ನು ಅಲ್ಲಿನ ವಿಜ್ಞಾನಿಗಳು 1999ರಲ್ಲೇ ದಾಖಲಿಸಿದ್ದಾರೆ. ಆ ಊರಿನ ಹಲ್ಲಿಗಳು ಅಂಥ ಹುಳವನ್ನು ಉಗಿದುಬಿಡುತ್ತವೆ. ಆಸ್ಟ್ರೇಲಿಯಾದ ಓತಿಗೆ ಆ ಪಾಠ ಯಾರೂ ಕಲಿಸಿಲ್ಲ, ಕಂಡದ್ದನ್ನೆಲ್ಲ ನುಂಗುತ್ತೆ. ಯಾವುದೇ ಊರಿನ ಮಿಂಚುಹುಳವನ್ನೂ ಸಾಕು ಓತಿಗೆ ಹಾಕಬಾರದು ಅನ್ನಲು ಇಷ್ಟು ಸಾಕು.

ಉಲ್ಟಾ ದಾರಿ: ಪೆಟ್ಟಿಗೆಯಿಂದ ಕಾಡಿಗೆ

ಇಲ್ಲಿವರೆಗೆ ಹೇಳಿದ್ದು ಸಾಕುಪ್ರಾಣಿಗೆ ಆಗುವ ಅಪಾಯ. ನನಗೆ ಇದಕ್ಕಿಂತ ದೊಡ್ಡ ಚಿಂತೆ, ಪೆಟ್ಟಿಗೆಯಲ್ಲಿ ಬೆಳೆದದ್ದು ನಮ್ಮ ಬೆಟ್ಟಕ್ಕೆ ಬಂದರೆ ಏನಾಗುತ್ತೆ ಅನ್ನೋದು.

ಅಮೆರಿಕದ ಫ್ಲೋರಿಡಾದಲ್ಲಿ ಇದು ಆಗಿಹೋಗಿದೆ. ಸಾಕಲು ತಂದ ಬರ್ಮಾ ಹೆಬ್ಬಾವುಗಳು ಅಲ್ಲಿನ ಜೌಗು ಕಾಡು ಸೇರಿದ ಕತೆ ಹಲವರಿಗೆ ಗೊತ್ತು. ಅವುಗಳ ಶ್ವಾಸಕೋಶದಲ್ಲಿ ಏಷ್ಯಾದ ಒಂದು ಪರಾವಲಂಬಿಯೂ ಹೋಯಿತು. ಅದರ ಹೆಸರು ರೈಲಿಯೆಟಿಯೆಲ್ಲಾ ಓರಿಯೆಂಟಾಲಿಸ್. ಮೊಟ್ಟೆ ಮೊದಲು ಜಿರಳೆಯಂಥ ಹುಳದ ಹೊಟ್ಟೆ ಸೇರಿ, ಅಲ್ಲಿಂದ ಕಪ್ಪೆ ಅಥವಾ ಹಲ್ಲಿಗೆ ದಾಟಿ, ಕೊನೆಗೆ ಹಾವಿನ ಶ್ವಾಸಕೋಶದಲ್ಲಿ ನೆಲೆಸುತ್ತೆ. ಈಗ ಅದು ಹೆಬ್ಬಾವನ್ನೇ ಕಾಣದ ಊರುಗಳಲ್ಲೂ ಅಲ್ಲಿನ ಸ್ಥಳೀಯ ಹಾವುಗಳಲ್ಲಿ ಸಿಗುತ್ತಿದೆ. ಹೆಬ್ಬಾವನ್ನು ಹಿಡಿದು ಕೊಲ್ಲಬಹುದು. ಜಿರಳೆಯೊಳಗೆ ಕೂತ ಮರಿಹುಳವನ್ನು ಯಾವ ಟಾಸ್ಕ್ ಫೋರ್ಸ್ ಹಿಡಿಯುತ್ತೆ?

ನಮ್ಮ ಏರ್‌ಪೋರ್ಟ್ ನೋಡಿ. 2023ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನ ಸೂಟ್‌ಕೇಸಿನಲ್ಲಿ 234 ವನ್ಯಜೀವಿಗಳು ಸಿಕ್ಕವು. ಮುಂದಿನ ತಿಂಗಳೇ ಇನ್ನೊಂದು ಬ್ಯಾಗಿನಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, ಸತ್ತುಹೋಗಿದ್ದ 6 ಕ್ಯಾಪುಚಿನ್ ಕೋತಿಗಳು. ಕಾನೂನುಬದ್ಧವಾಗಿ ಬರುವ ಪ್ರಾಣಿ ಕ್ವಾರಂಟೈನ್ ದಾಟಬೇಕು. ಸೂಟ್‌ಕೇಸಿನಲ್ಲಿ ಬರುವುದಕ್ಕೆ ಕ್ವಾರಂಟೈನೂ ಇಲ್ಲ, ಮಲ ಪರೀಕ್ಷೆಯೂ ಇಲ್ಲ. ಅಂಥ ಪ್ರಾಣಿಯನ್ನು ಕೊಂಡವನಿಗೆ ಬೇಸರವಾದಾಗ, ಅಥವಾ ಕೇಸಿನ ಭಯ ಹುಟ್ಟಿದಾಗ, "ಪಾಪ, ಕಾಡಿಗೆ ಬಿಟ್ಟುಬಿಡೋಣ" ಅನ್ನಿಸುತ್ತೆ. ಬೆಂಗಳೂರಿನಿಂದ ನಾಲ್ಕೈದು ಗಂಟೆಯ ಕಾಡು ಅಂದರೆ ನಮ್ಮದೇ. ಬಿಸಿಲೆ ಘಾಟಿಯ ಆಚೆ ಕಾಣುವ ಪುಷ್ಪಗಿರಿ, 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಒಂದು. ಇಡೀ ಜಗತ್ತಿನಲ್ಲಿ ಬೇರೆಲ್ಲೂ ಸಿಗದ ಕಪ್ಪೆ, ಹಾವು, ಹಲ್ಲಿಗಳು ಈ ಘಟ್ಟಸಾಲಿನಲ್ಲಿವೆ.

ಅತಿಶಯೋಕ್ತಿ ಅನ್ನಿಸಿದರೆ ಆಫ್ರಿಕನ್ ಬಸವನಹುಳುವಿನ ಕತೆ ಕೇಳಿ. 1847ರಲ್ಲಿ ಚಿಪ್ಪು ಸಂಗ್ರಹದ ಹುಚ್ಚಿದ್ದ ಒಬ್ಬ ಬ್ರಿಟಿಷ್ ವ್ಯಕ್ತಿ ಅದನ್ನು ಕಲ್ಕತ್ತಕ್ಕೆ ತಂದ. ಅದೂ ಹವ್ಯಾಸವೇ. ಇವತ್ತು ನಮ್ಮ ಪಕ್ಕದ ಶನಿವಾರಸಂತೆ ಕಡೆಯ ಕಾಫಿ ಬೆಳೆಗಾರರನ್ನು ಕೇಳಿ, ಮಳೆಗಾಲದಲ್ಲಿ ಅದನ್ನು ಬಕೆಟ್‌ಗಟ್ಟಲೆ ಹೆಕ್ಕಿ ಸಾಕಾಗಿರ್ತಾರೆ.

ಮನುಷ್ಯರಿಗೂ ಬರುತ್ತಾ?

ಕೆಲವು ಬರುತ್ತೆ. ಮೀಲ್‌ವರ್ಮ್‌ನಂಥ ಹಿಟ್ಟಿನ ಹುಳಗಳಲ್ಲಿ ಬೆಳೆಯುವ ಹೈಮೆನೋಲೆಪಿಸ್ ಅನ್ನುವ ಇಲಿಯ ಲಾಡಿಹುಳು ಮಕ್ಕಳ ಹೊಟ್ಟೆಗೂ ಹೋಗಬಲ್ಲದು. ಹುಳವನ್ನು ಅಪ್ಪಿತಪ್ಪಿ ನುಂಗಿದರೆ ಮಾತ್ರ. ಅದಕ್ಕಿಂತ ಸಾಮಾನ್ಯವಾದದ್ದು ಸಾಲ್ಮೊನೆಲ್ಲಾ. ಇದು ಪರಾವಲಂಬಿ ಹುಳು ಅಲ್ಲ, ಬ್ಯಾಕ್ಟೀರಿಯಾ. ಆರೋಗ್ಯವಾಗಿ ಕಾಣುವ ಓತಿ, ಆಮೆಗಳ ಹಿಕ್ಕೆಯಲ್ಲೇ ಇರುತ್ತೆ. ಅಮೆರಿಕದಲ್ಲಿ ಮಕ್ಕಳು ಕಾಯಿಲೆ ಬಿದ್ದದ್ದರಿಂದ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನೇ 1975ರಲ್ಲಿ ನಿಷೇಧಿಸಿದರು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಸರೀಸೃಪ ಬೇಡ ಅನ್ನುವುದು ಅಲ್ಲಿನ ಆರೋಗ್ಯ ಇಲಾಖೆಯ ಸಲಹೆ.

ನಮ್ಮ ಕಡೆಗೆ ಹತ್ತಿರದ ಉದಾಹರಣೆಯೂ ಇದೆ. ಇಲಿಯ ಶ್ವಾಸಕೋಶದ ಒಂದು ಹುಳು ಬಸವನಹುಳುವಿನಲ್ಲಿ ಬೆಳೆಯುತ್ತೆ, ಬಸವನಹುಳು ತಿಂದ ಉಡದ ಮೈಯಲ್ಲಿ ಉಳಿಯುತ್ತೆ. "ಶಕ್ತಿ ಬರುತ್ತೆ" ಅಂತ ಹಸಿ ಉಡದ ಮಾಂಸ ತಿಂದವರಿಗೆ ಮಿದುಳುಪೊರೆಯ ಉರಿಯೂತ ಆದ ಪ್ರಕರಣಗಳನ್ನು ಕೇರಳದ ವೈದ್ಯರು ದಾಖಲಿಸಿದ್ದಾರೆ. ಉಡ ಬೇಟೆ ಅಪರಾಧ ಅನ್ನೋದು ಹಾಗಿರಲಿ, ಆಹಾರ ಸರಪಳಿಯ ತುದಿಯಲ್ಲಿ ನಾವೂ ಇದ್ದೀವಿ ಅನ್ನೋದಕ್ಕೆ ಇದು ಸಾಕ್ಷಿ.

ಕಾನೂನು ಏನನ್ನು ಎಣಿಸುತ್ತೆ?

ಮೊದಲಿಗೆ ಒಂದು ಸ್ಪಷ್ಟನೆ. ನಮ್ಮ ಕಾಡಿನ ಗೋಸುಂಬೆ, ಉಡ, ನಕ್ಷತ್ರ ಆಮೆಗಳನ್ನು ಸಾಕುವಂತಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಮುಗೀತು.

ವಿದೇಶಿ ಪ್ರಾಣಿಗಳ ವಿಷಯ ಬಹಳ ಕಾಲ ಯಾರ ಲೆಕ್ಕಕ್ಕೂ ಸಿಕ್ಕಿರಲಿಲ್ಲ. 2020ರಲ್ಲಿ ಕೇಂದ್ರ ಪರಿಸರ ಸಚಿವಾಲಯ "ನಿಮ್ಮ ಹತ್ತಿರ ಇದ್ದರೆ ಹೇಳಿ, ಕೇಸ್ ಹಾಕಲ್ಲ" ಅಂದಾಗ ದೇಶದಾದ್ಯಂತ 32,000ಕ್ಕೂ ಹೆಚ್ಚು ಜನ ಘೋಷಿಸಿಕೊಂಡರು. 2022ರ ತಿದ್ದುಪಡಿ, ನಂತರ 2024ರ ಫೆಬ್ರವರಿಯ ನಿಯಮಗಳು ಬಂದವು. ಅಂತಾರಾಷ್ಟ್ರೀಯ ಸೈಟ್ಸ್ ಒಪ್ಪಂದದ ಪಟ್ಟಿಯಲ್ಲಿದ್ದು ನಮ್ಮ ಕಾಯ್ದೆಯ ನಾಲ್ಕನೇ ಅನುಸೂಚಿಗೆ ಸೇರಿದ ಪ್ರಾಣಿ ಇದ್ದರೆ ಈಗ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಹುಟ್ಟಿದರೆ, ಸತ್ತರೆ, ಕೈ ಬದಲಾದರೆ ತಿಳಿಸಬೇಕು. ಪೆಟ್ ಶಾಪ್‌ಗಳಿಗೆ 2018ರ ನಿಯಮಗಳಿವೆ, ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಕಡ್ಡಾಯ.

ಒಳ್ಳೆಯದೇ. ಆದರೆ ಈ ಎಲ್ಲಾ ನಿಯಮಗಳ ಕಣ್ಣು ಇರುವುದು ಪ್ರಾಣಿಯ ಮೇಲೆ, ಅದರ ಊಟದ ಡಬ್ಬಿಯ ಮೇಲಲ್ಲ. ಓತಿಯ ಮಾಲೀಕ ಯಾರು ಅಂತ ಸರ್ಕಾರಕ್ಕೆ ಗೊತ್ತಾಗುತ್ತೆ. ಆ ಓತಿ ತಿನ್ನುವ ಜಿರಳೆ ಎಲ್ಲಿ ಬೆಳೆಯಿತು, ಡಬ್ಬಿಯಿಂದ ತಪ್ಪಿಸಿಕೊಂಡದ್ದು ಎಲ್ಲಿಗೆ ಹೋಯಿತು ಅಂತ ಯಾರೂ ಕೇಳಲ್ಲ. ರೋಗ ಓಡಾಡುವುದು ಮಾತ್ರ ಆ ಡಬ್ಬಿಯಲ್ಲಿ.

ಈಗಾಗಲೇ ಸಾಕ್ತಿರೋರು ಏನು ಮಾಡಬಹುದು?

- ಹೊರಗೆ ಹಿಡಿದ ಹುಳ ಬೇಡ. ಸಾಧ್ಯವಾದರೆ ಹುಳವನ್ನು ನೀವೇ ಮುಚ್ಚಿದ ಡಬ್ಬಿಯಲ್ಲಿ ಸಾಕಿ. ತೊಳೆದ ತರಕಾರಿ ಹಾಕಿ, ಇಲಿ ಬಾರದ ಜಾಗದಲ್ಲಿಡಿ.
- ತಿನ್ನದೆ ಉಳಿದ ಹುಳವನ್ನು ಅವತ್ತೇ ಪೆಟ್ಟಿಗೆಯಿಂದ ತೆಗೆಯಿರಿ, ವಾಪಸ್ ಸಾಕಣೆ ಡಬ್ಬಿಗೆ ಹಾಕಬೇಡಿ. ಹಿಕ್ಕೆ ಕಂಡ ಕೂಡಲೇ ತೆಗೆಯಿರಿ. ಫೀಡ್‌ಬ್ಯಾಕ್ ಲೂಪ್ ತುಂಡಾಗುವುದು ಇಲ್ಲೇ.
- ಹೊಸ ಪ್ರಾಣಿ ತಂದರೆ ಹಳೆಯದರ ಜೊತೆ ಸೇರಿಸುವ ಮೊದಲು ಕೆಲವು ವಾರ ಬೇರೆ ಇಡಿ, ಮಲ ಪರೀಕ್ಷೆ ಮಾಡಿಸಿ. ಮೈಕ್ರೋಸ್ಕೋಪಿನಡಿ ನೋಡುವ ಸರಳ ಪರೀಕ್ಷೆ ಅದು.
- ದನಕ್ಕೆ ತಂದ ಜಂತಿನ ಔಷಧಿಯನ್ನು ಅಂದಾಜಿನಲ್ಲಿ ಕೊಡಬೇಡಿ. ನಮ್ಮ ಕಡೆ ಸುಲಭವಾಗಿ ಸಿಗುವ ಐವರ್ಮೆಕ್ಟಿನ್ ಆಮೆಗಳ ಪಾಲಿಗೆ ವಿಷ. ಪಶುವೈದ್ಯರನ್ನು ಕೇಳದೆ ಏನೂ ಬೇಡ.
- ಸಾಕಲಾಗದಿದ್ದರೆ ಕಾಡಿಗೆ, ಕೆರೆಗೆ ಬಿಡಬೇಡಿ. ಅರಣ್ಯ ಇಲಾಖೆಗೆ ತಿಳಿಸಿ. ಹುಳದ ಡಬ್ಬಿಯ ಕಸವನ್ನೂ ತೋಟಕ್ಕೆ ಸುರಿಯಬೇಡಿ. ಒಂದೆರಡು ದಿನ ಫ್ರೀಜರಿನಲ್ಲಿಟ್ಟು, ಕಟ್ಟಿ ಬಿಸಾಡಿ.

ಕೊನೆಗೆ, ಹೊಣೆ ಯಾರದು?

ಓತಿ ಸಾಕುವ ಹುಡುಗ ಹುಡುಗಿಯರನ್ನು ವಿಲನ್ ಮಾಡುವುದು ನನ್ನ ಉದ್ದೇಶವಲ್ಲ. ಕೆರಿಯರ್, ಇಎಂಐ ಬಿಟ್ಟು ಒಂದು ಹಲ್ಲಿಯ ಕಣ್ಣನ್ನು ಗಂಟೆಗಟ್ಟಲೆ ನೋಡುವವರ ಮೇಲೆ ನನಗೆ ಗೌರವವೇ ಇದೆ. ಆದರೆ ಅಂಥ ಕುತೂಹಲಕ್ಕೆ ನಮ್ಮ ಸೀಮೆಯಲ್ಲಿ ಬೇರೆ ಪರಂಪರೆಯೇ ಇದೆ. ಪಕ್ಕದ ಮೂಡಿಗೆರೆಯಲ್ಲಿದ್ದ ತೇಜಸ್ವಿಯವರ 'ಕರ್ವಾಲೊ' ಹಾರುವ ಓತಿಯನ್ನು ಹುಡುಕಿ ಹೊರಟವರ ಕತೆ. ಆ ಓತಿ ಬದುಕುವುದೇ ಹೆಚ್ಚಾಗಿ ಇರುವೆ, ಗೆದ್ದಲು ತಿಂದು. ಗಾಜಿನ ಪೆಟ್ಟಿಗೆಗೂ ಡಬ್ಬಿ ಕ್ರಿಕೆಟ್‌ಗೂ ಅದು ಒಗ್ಗುವುದಿಲ್ಲ. ಅದನ್ನು ನೋಡಬೇಕಾದರೆ ಮರದ ಕೆಳಗೆ ಕತ್ತೆತ್ತಿ ನಿಲ್ಲಬೇಕು. ಅದಕ್ಕೆ ಲೈಸೆನ್ಸ್ ಬೇಡ.

ಹೊಣೆಯ ವಿಷಯಕ್ಕೆ ಬಂದರೆ, ಎಲ್ಲವನ್ನೂ ಗ್ರಾಹಕನ ತಲೆಗೆ ಕಟ್ಟಿ ಸರ್ಕಾರ, ವ್ಯಾಪಾರಿ ಇಬ್ಬರೂ ಕೈ ತೊಳೆದುಕೊಳ್ಳುವುದು ನಮಗೆ ಹೊಸದಲ್ಲ. ಕೇಳಬೇಕಾದ್ದು ಮೂರು. ಒಂದು, ಜೀವಂತ ಹುಳ ಮಾರುವವರನ್ನೂ ಪೆಟ್ ಶಾಪ್ ನಿಯಮದೊಳಗೆ ತರಬೇಕು, ಎಲ್ಲಿ ಬೆಳೆದದ್ದು ಅಂತ ಡಬ್ಬಿಯ ಮೇಲೆ ಬರೆಸಬೇಕು. ಎರಡು, ನೋಂದಣಿ ಅರ್ಜಿಯ ಜೊತೆ ಒಂದು ಮಲ ಪರೀಕ್ಷೆಯ ವರದಿ ಕೇಳಬೇಕು. ಮೂರು, ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಈ ಬೆಟ್ಟಗಳ ಹಾವು, ಹಲ್ಲಿ, ಕಪ್ಪೆಗಳಲ್ಲಿ ಇವತ್ತು ಯಾವ ಪರಾವಲಂಬಿಗಳಿವೆ ಅನ್ನುವ ಪಟ್ಟಿ ಮಾಡಲು ಅಂಥ ಕಡೆ ದುಡ್ಡು ಕೊಡಬೇಕು. ಇವತ್ತಿನ ಪಟ್ಟಿ ಇಲ್ಲದಿದ್ದರೆ, ನಾಳೆ ಹೊಸದೇನಾದರೂ ಬಂದಾಗ ಅದು ಹೊಸದು ಅಂತ ಹೇಳಲೂ ನಮ್ಮ ಹತ್ತಿರ ಆಧಾರ ಇರುವುದಿಲ್ಲ.

ಆನೆ ತೋಟಕ್ಕೆ ಬಂದರೆ ಬೇಲಿ ಮುರಿದದ್ದು ಕಾಣುತ್ತೆ, ಊರೆಲ್ಲ ಎದ್ದು ಕೂರುತ್ತೆ. ಜಿರಳೆಯ ಹೊಟ್ಟೆಯಲ್ಲಿ ಬಂದದ್ದಕ್ಕೆ ಬೇಲಿಯೂ ಇಲ್ಲ, ಸದ್ದೂ ಇಲ್ಲ. ಅದು ಬರುವ ಮೊದಲೇ ಮಾತಾಡುವುದು ಬಿಟ್ಟರೆ ನಮಗೆ ಬೇರೆ ದಾರಿಯಿಲ್ಲ.